ಗಜಲಹಟ್ಟಿ ಘಟ್ಟದ ಲೆಕ್ಕ

1790ರ ಸೆಪ್ಟೆಂಬರ್ 9ರ ಬೆಳಗು. ತಾಳಮಲೆಯ ಅಂಚಿನಲ್ಲಿ ನಿಂತಿದ್ದೀರಿ. ಬೆನ್ನ ಹಿಂದೆ ಕನ್ನಡದ ಬಯಲು, ಹರದನಹಳ್ಳಿಯ ಕಡೆಯಿಂದ ಬಂದ ಬಂಡಿಜಾಡು. ಮುಂದೆ ನೆಲವೇ ಇಲ್ಲ. ಬಿದಿರುಮೆಳೆಗಳ ನಡುವೆ ಜಾಡು ಸರಕ್ಕನೆ ಕುಸಿದು ಮೋಯಾರಿನ ಕಮರಿಯಲ್ಲಿ ಕಾಣೆಯಾಗುತ್ತದೆ. ಕಮರಿಯಾಚೆ ನೀಲಗಿರಿ ಅಡ್ಡಗಟ್ಟಿ ನಿಂತಿದೆ. ಈ ಇಳಿಜಾರೇ ಗಜಲಹಟ್ಟಿ ಘಟ್ಟ. ದಿಂಬದ ತಿರುವುಗಳ ರಸ್ತೆ ಇನ್ನೂ ಹುಟ್ಟಿಲ್ಲ. ಶ್ರೀರಂಗಪಟ್ಟಣದಿಂದ ಕೊಯಮತ್ತೂರು ಸೀಮೆಗೆ ಇಳಿಯುವ ದಂಡಿಗೆ ಹತ್ತಿರದ ದಾರಿ ಇದೇ.

ಪಕ್ಕಕ್ಕೆ ಸರಿಯಿರಿ, ಫಿರಂಗಿ ಬರುತ್ತಿದೆ. ಏರುವಾಗ ಎಳೆಯುವ ಎತ್ತುಗಳನ್ನು ಇಳಿಯುವಾಗ ಹಿಂದಕ್ಕೆ ಕಟ್ಟಿದ್ದಾರೆ. ಹಗ್ಗವನ್ನು ಮರದ ಬುಡಕ್ಕೆ ಸುತ್ತು ಹಾಕಿ, ಒಂದೊಂದೇ ಮೊಳ ಸಡಿಲ ಬಿಡುತ್ತಾರೆ. ಹಗ್ಗ ಉಜ್ಜಿದಲ್ಲಿ ತೊಗಟೆ ಹೊಗೆಯಾಡುತ್ತದೆ. ಯಾರೋ ಕನ್ನಡದಲ್ಲಿ ಬೈಯುತ್ತಾನೆ, ಯಾರೋ ದಖ್ಖನಿಯಲ್ಲಿ ಉತ್ತರ ಕೊಡುತ್ತಾನೆ, ಎತ್ತು ಇಬ್ಬರ ಮಾತನ್ನೂ ಕೇಳುವುದಿಲ್ಲ. ಆನೆಯೊಂದು ಹಣೆಯನ್ನು ಬಂಡಿಯ ಮರಕ್ಕೆ ಆನಿಸಿ ತಡೆದಿದೆ. ಹಿಂದೆ ಬಾಣದವರು; ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ ಬಾಣಗಳ ಹೊರೆ ಹೆಗಲ ಮೇಲಿದೆ. ಅವರ ಹಿಂದೆ ಕುದುರೆಗಳು, ಧಾನ್ಯ ಹೇರಿದ ಲಂಬಾಣಿಗಳ ಎತ್ತುಗಳು. ಟಿಪ್ಪು ಸುಲ್ತಾನ ಸೆಪ್ಟೆಂಬರ್ 2ರಂದು ಪಟ್ಟಣ ಬಿಟ್ಟಾಗ ಜೊತೆಗಿದ್ದವರು ಸುಮಾರು 40,000 ಮಂದಿ. ಅಷ್ಟೂ ಜನ ಈ ಒಂದು ಸೀಳಿನಲ್ಲಿ ತೂರಬೇಕು.

ಇಳಿಯದೆ ಉಳಿದವನೊಬ್ಬ ಇದ್ದಾನೆ. ಘಟ್ಟದ ನೆತ್ತಿಯಲ್ಲಿ ಭಾರದ ಸಾಮಾನು, ಮದ್ದುಗುಂಡು, ದವಸಗಳ ಗುಡ್ಡೆಗಳ ನಡುವೆ ಡೇರೆ ಹೊಡೆಸಿಕೊಂಡು ಕೂತಿರುವ ಪೂರ್ಣಯ್ಯ. ನಲವತ್ತು ದಾಟಿದ ಲೆಕ್ಕಿಗ. ಹೈದರನ ಕಾಲದಿಂದಲೂ ಖಜಾನೆಯ ಕೆಲಸ ನೋಡಿಕೊಂಡವನು. ದಂಡು ಹಗುರಾಗಿ ಇಳಿದು ಹೊಡೆಯಲಿ, ತೂಕ ಮೇಲಿರಲಿ ಎಂಬುದು ಸುಲ್ತಾನನ ಎಣಿಕೆ. ಯುದ್ಧಗಳ ಕಥೆಯಲ್ಲಿ ಕತ್ತಿ ಹಿಡಿದವರ ಹೆಸರು ಮೊದಲು ಬರುತ್ತದೆ, ಇರಲಿ. ನನ್ನ ಕಣ್ಣು ಮಾತ್ರ ಈ ಡೇರೆಯ ಮೇಲೇ ಇದೆ. ಈ ಘಟ್ಟದಲ್ಲಿ ನಡೆಯುತ್ತಿರುವುದೆಲ್ಲ ಕೊನೆಗೆ ಖರ್ಚಿನ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಮೇಲಿನವರ ಖರ್ಚು ಪೂರ್ಣಯ್ಯನ ಕಡತದಲ್ಲಿದೆ. ಕೆಳಗೆ ಭವಾನಿ ದಡದಲ್ಲಿ ಕಾದಿರುವ ಕೆಂಪು ಅಂಗಿಯವರ ಖರ್ಚು ಯಾರದ್ದು? ಅವರು ಅಲ್ಲಿರುವುದಕ್ಕೆ ಅವರದೇ ದೇಶದ ಕಾನೂನು ಒಪ್ಪುತ್ತದೆಯೆ?

ಅದನ್ನು ತಿಳಿಯಲು ಫಿರಂಗಿಗಳನ್ನು ಇಲ್ಲೇ ಬಿಟ್ಟು, ಸ್ವಲ್ಪ ಹಿಂದಿನ ಲಂಡನ್ನಿಗೆ ಹೋಗೋಣ.

ಸೇಂಟ್ ಸ್ಟೀಫನ್ಸ್ ಚಾಪೆಲ್. ಹಳೆಯ ಪ್ರಾರ್ಥನಾಮಂದಿರವೇ ಕಾಮನ್ಸ್ ಸಭೆಯ ಕೋಣೆ. ಬೆಂಚುಗಳು ಎದುರುಬದುರು. 1782ರಲ್ಲಿ ಇದೇ ಕೋಣೆಯಲ್ಲಿ ಹೆನ್ರಿ ಡಂಡಾಸ್ ಎಂಬ ಸ್ಕಾಟ್ಲೆಂಡಿನ ವಕೀಲ ಎದ್ದು ನಿಂತು ಗೊತ್ತುವಳಿಗಳ ಸಾಲನ್ನೇ ಮಂಡಿಸಿದ್ದ. ಈಸ್ಟ್ ಇಂಡಿಯಾ ಕಂಪನಿ ಮರಾಠರ ಜೊತೆ, ಹೈದರನ ಜೊತೆ ಯುದ್ಧಕ್ಕೆ ಬಿದ್ದು ಸಾಲದಲ್ಲಿ ಮುಳುಗಿದ್ದ ಹೊತ್ತು ಅದು. ಹಿಂದೂಸ್ತಾನದಲ್ಲಿ ಗೆದ್ದು ಗೆದ್ದು ರಾಜ್ಯ ಬೆಳೆಸುವುದು ಬ್ರಿಟಿಷ್ ರಾಷ್ಟ್ರದ ಇಚ್ಛೆಗೂ ಮಾನಕ್ಕೂ ನೀತಿಗೂ ಒಗ್ಗದ್ದು ಎಂದು ಸಭೆ ಘೋಷಿಸಿತು. ಎರಡು ವರ್ಷದ ಬಳಿಕ, 1784ರ ಪಿಟ್ಸ್ ಇಂಡಿಯಾ ಕಾಯ್ದೆ ಆ ಘೋಷಣೆಯನ್ನೇ ಎತ್ತಿಕೊಂಡು ಕಾನೂನಾಗಿಸಿತು. ಲಂಡನ್ನಿನ ಡೈರೆಕ್ಟರುಗಳ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡುವಂತಿಲ್ಲ, ಯುದ್ಧಕ್ಕಾಗಿ ಕರಾರು ಮಾಡಿಕೊಳ್ಳುವಂತಿಲ್ಲ.

ಅಷ್ಟರಲ್ಲೇ ನಿಲ್ಲಲಿಲ್ಲ. 1788ರ ವಸಂತಕ್ಕೆ ಬನ್ನಿ. ಪಕ್ಕದ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಹಿಂದಿನ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ವಿಚಾರಣೆ ಫೆಬ್ರುವರಿಯಲ್ಲಿ ಶುರುವಾಗಿದೆ. ಟಿಕೆಟ್ಟು ಸಿಕ್ಕದ ಜನ ಹೊರಗೆ ಗುಂಪುಗಟ್ಟಿದ್ದಾರೆ. ಈ ಕೋಣೆಯಲ್ಲಿ ಅಷ್ಟು ವೈಭವದ ನಾಟಕವಿಲ್ಲ, ಒಂದು ಬಿಲ್ಲಿನ ಜಗಳ. ಪ್ರಧಾನಿ ಪಿಟ್ ದೊರೆಯ ಸೈನ್ಯದ ನಾಲ್ಕು ಹೊಸ ರೆಜಿಮೆಂಟುಗಳನ್ನು ಹಿಂದೂಸ್ತಾನಕ್ಕೆ ಕಳಿಸಬೇಕೆನ್ನುತ್ತಾನೆ, ಖರ್ಚು ಕಂಪನಿಯದ್ದು. ಡೈರೆಕ್ಟರುಗಳು ಒಲ್ಲೆವೆನ್ನುತ್ತಾರೆ: ನಾವು ಕೇಳದ ದಂಡಿಗೆ ನಾವೇಕೆ ಕೊಡಬೇಕು? ಪಿಟ್ ಹೊಸ ಮಸೂದೆ ತಂದು ಗೆದ್ದ. ಆದರೆ ಗೆಲ್ಲುವಾಗ ಎದುರು ಬೆಂಚಿನವರಿಗೆ ಒಂದು ಬೇಲಿ ಒಪ್ಪಬೇಕಾಯಿತು. ದೊರೆಯ ಸೈನಿಕರು 8,045, ಕಂಪನಿಯ ಯುರೋಪಿಯನ್ ಸೈನಿಕರು 12,200. ಇದಕ್ಕೆ ಮೀರಿದವರ ಖರ್ಚನ್ನು ಹಿಂದೂಸ್ತಾನದ ಆದಾಯಕ್ಕೆ ಹೇರುವ ಅಧಿಕಾರ, ಕಂಪನಿಯ ಮೇಲೆ ಕಣ್ಣಿಡಲು ಸರ್ಕಾರ ಕೂರಿಸಿದ ನಿಯಂತ್ರಣ ಮಂಡಳಿಗೆ ಇಲ್ಲ. ಪರದೇಶದ ನೆಲವನ್ನು ಹಿಡಿತದಲ್ಲಿಡುವ ದಂಡಿಗೆ ಶಾಸನಸಭೆಯೊಂದು ಬಿಡಿ ಅಂಕಿಯ ತನಕ ಎಣಿಸಿ ಮಿತಿ ಹಾಕಿದ್ದನ್ನು ಓದುವಾಗ ಈಗಲೂ ನನಗೆ ಬೆರಗು. ಸಿಪಾಯಿಗಳಿಗೆ ಮಾತ್ರ ಯಾವ ಅಂಕಿಯೂ ಇಲ್ಲ. ಕರಿಯ ಸೈನಿಕ ಎಷ್ಟಾದರೂ ಇರಬಹುದು.

ಹೀಗೆ ಬಂದ ಆ ನಾಲ್ಕು ರೆಜಿಮೆಂಟುಗಳು 74, 75, 76, 77. ನಂಬರು ನೆನಪಿರಲಿ, ಮುಂದೆ ಇವೇ ನಮ್ಮ ಕೋಟೆಗಳ ಬುಡಕ್ಕೆ ಬರುತ್ತವೆ.

ಇಷ್ಟು ಕಟ್ಟುಪಾಡಿದ್ದೂ ಕೆಂಪು ಅಂಗಿ ಭವಾನಿ ದಡಕ್ಕೆ ಬಂದದ್ದು ಹೇಗೆ? ಕಾಯ್ದೆಗೆ ಒಂದು ಹಿತ್ತಿಲ ಬಾಗಿಲಿತ್ತು. ಕಂಪನಿಯ ಮೇಲೆ, ಇಲ್ಲವೆ ಕರಾರಿನ ಪ್ರಕಾರ ಕಂಪನಿ ಕಾಯಬೇಕಾದ ದೊರೆಯ ಮೇಲೆ ಯಾರಾದರೂ ಬಿದ್ದರೆ, ಬೀಳಲು ತಯಾರಿ ನಡೆಸಿದರೆ, ಅಪ್ಪಣೆಗೆ ಕಾಯಬೇಕಿಲ್ಲ. ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕಾನೂನಿಗೆ ಹೆದರುವ ಮನುಷ್ಯ, ಆ ಬಾಗಿಲನ್ನು ಚೆನ್ನಾಗಿ ಅಳೆದು ನೋಡಿದವನೂ ಹೌದು. 1789ರ ಜುಲೈಯಲ್ಲಿ ನಿಜಾಮನಿಗೆ ಪತ್ರ ಬರೆದ. ಹೊಸ ಕರಾರಿಗೆ ಕಾಯ್ದೆ ಅಡ್ಡ. ಹಾಗಾಗಿ ಹಳೆಯ ಕರಾರನ್ನೇ ಬಿಡಿಸಿ ಹೇಳುವ ಪತ್ರ. ನಿಮಗೆ ಕೊಡುವ ಕಂಪನಿಯ ಪಡೆಯನ್ನು ಯಾರ್ಯಾರ ಮೇಲೆ ಬಳಸಕೂಡದು ಎಂಬ ಹೆಸರುಗಳ ಪಟ್ಟಿ ಅದರಲ್ಲಿತ್ತು. ಪಟ್ಟಿಯಲ್ಲಿ ಟಿಪ್ಪುವಿನ ಹೆಸರಿರಲಿಲ್ಲ. ಅದನ್ನು ಓದಿಕೊಳ್ಳಲು ಪಟ್ಟಣಕ್ಕೆ ಯಾವ ಕಷ್ಟವೂ ಆಗಿರಲಾರದು.

ಇತ್ತ ಟಿಪ್ಪು ತಾನೇ ಬಾಗಿಲು ತೆರೆದುಕೊಟ್ಟ. ಡಚ್ಚರು ತಿರುವಾಂಕೂರಿನ ರಾಜನಿಗೆ ಮಾರಿದ ಕೊಡುಂಗಲ್ಲೂರಿನ ಕೋಟೆ ತನ್ನ ಅಧೀನ ಕೊಚ್ಚಿಯ ನೆಲದಲ್ಲಿದೆ ಎಂಬ ತಕರಾರು ತೆಗೆದು, 1789ರ ಡಿಸೆಂಬರ್ 29ರಂದು ತಿರುವಾಂಕೂರಿನ ಗಡಿಗೋಡೆಗೆ ಏರಿ ಹೋದ. ಏಟು ತಿಂದು ಮರಳಿದ, ಮುಂದಿನ ಏಪ್ರಿಲ್‌ನಲ್ಲಿ ಗೋಡೆ ಒಡೆದ. ತಿರುವಾಂಕೂರು ಕಂಪನಿಯ ಮಿತ್ರ. ಕಾರ್ನ್‌ವಾಲಿಸನಿಗೆ ಇನ್ನೇನು ಬೇಕು? ಸರಕು ಕೊಳ್ಳಲು ಇಟ್ಟ ದುಡ್ಡನ್ನು ತಡೆದು ಯುದ್ಧಕ್ಕೆ ತಿರುಗಿಸಲಿಲ್ಲವೆಂದು ಮದ್ರಾಸಿನವರನ್ನು ಗದರಿದ. ಜೂನ್ 1ಕ್ಕೆ ಮರಾಠರ ಜೊತೆ, ಜುಲೈ 4ಕ್ಕೆ ನಿಜಾಮನ ಜೊತೆ ಕರಾರು ಮುಗಿಯಿತು. ಮದ್ರಾಸಿನ ಹೊಸ ಗವರ್ನರ್, ಜನರಲ್ ಮೆಡೋಸ್, ಕರೂರು, ಧಾರಾಪುರ, ಕೊಯಮತ್ತೂರುಗಳನ್ನು ಹಿಡಿಯುತ್ತ ಬಂದ. ಗಜಲಹಟ್ಟಿ ಏರಿ ಮೈಸೂರು ಬಯಲಿಗೆ ನುಗ್ಗುವುದು ಅವನ ಲೆಕ್ಕ. ಅದಕ್ಕಾಗಿಯೇ ಕರ್ನಲ್ ಫ್ಲಾಯ್ಡ್ ಸತ್ಯಮಂಗಲಕ್ಕೆ ಬಂದು ಕೂತಿದ್ದಾನೆ. ಮೆಡೋಸ್ ಏರುವ ಮುಂಚೆ ಸುಲ್ತಾನನೇ ಇಳಿದ.

ಈಗ ಕೆಳಗಿಳಿಯಿರಿ. ಮಂಡಿ ನಡುಗುತ್ತದೆ, ಗಾಳಿ ಹೆಜ್ಜೆಹೆಜ್ಜೆಗೂ ಬಿಸಿಯಾಗುತ್ತದೆ. ತಾಳಮಲೆಯ ತಂಪು ಅರ್ಧ ದಾರಿಯಲ್ಲೇ ಮುಗಿಯಿತು. ಬಿದಿರು ಹೋಗಿ ಮುಳ್ಳುಪೊದೆ ಬಂತು. ಮೋಯಾರು ದಾಟಿ, ಭವಾನಿ ಕೂಡುವ ಕಡೆ ದಣ್ಣಾಯಕನಕೋಟೆ; ಹೊಯ್ಸಳರ ದಂಡನಾಯಕರ ನೆನಪು ಹೊತ್ತ ಊರು. (ಈಗ ಹುಡುಕಬೇಡಿ, ಅದು ಭವಾನಿಸಾಗರ ಅಣೆಕಟ್ಟಿನ ನೀರಿನಡಿ ಇದೆ. ಬರಗಾಲದಲ್ಲಿ ನೀರು ಇಳಿದಾಗ ದೇವಸ್ಥಾನ ತಲೆ ಎತ್ತುತ್ತದೆ.)

ಫ್ಲಾಯ್ಡನಿಗೆ ಸುದ್ದಿ ತಿಳಿಯದೆ ಇಲ್ಲ. ಸುಲ್ತಾನ ಘಟ್ಟ ಇಳಿಯುತ್ತಿದ್ದಾನೆ ಎಂದು ಮೆಡೋಸನಿಗೆ ಬರೆದ. ನಿಂತಲ್ಲೇ ನಿಲ್ಲು ಎಂದು ಉತ್ತರ ಬಂತು. ಸೆಪ್ಟೆಂಬರ್ 13ರ ಬೆಳಗ್ಗೆ ನೀವು ಭವಾನಿಯ ದಕ್ಷಿಣ ದಡದಲ್ಲಿದ್ದೀರಿ. ಪುಂಗಾರ್ ಕಡವಿನ ಕಡೆಯಿಂದ ಧೂಳು. ಮೈಸೂರಿನ ಕುದುರೆಗಳು ಆಗಲೇ ಹೊಳೆ ದಾಟಿವೆ. ದೊರೆಯ 19ನೇ ಲೈಟ್ ಡ್ರಾಗೂನ್ ಕುದುರೆಪಡೆ, ಆ 8,045ರ ಲೆಕ್ಕಕ್ಕೆ ಸೇರಿದ್ದೇ, ಕತ್ತಿ ಹಿರಿದು ನುಗ್ಗುತ್ತದೆ. ಹೊಲಗಳ ನಡುವಿನ ಮುಳ್ಳುಬೇಲಿಗೆ ಸಿಕ್ಕ ಮೈಸೂರು ಸವಾರರಿಗೆ ಹಿಂದೆ ಸರಿಯಲು ಜಾಗವಿಲ್ಲ. ಬೆಳಗಿನ ಆಟ ಬ್ರಿಟಿಷರದ್ದು. ಮಧ್ಯಾಹ್ನದಿಂದ ಫಿರಂಗಿ ಮಾತಾಡಿತು. ಮರಕ್ಕೆ ಹಗ್ಗ ಸುತ್ತಿ ಇಳಿಸಿದ್ದವಲ್ಲ, ಅವೇ. ಕತ್ತಲಾಗುವ ತನಕ ಗುಂಡು ಬಿದ್ದವು. ಸಾಲಿನಲ್ಲಿ ಕೂತ ಸಿಪಾಯಿಗಳು ಕೂತಲ್ಲೇ ಸತ್ತರು, ಎತ್ತುಗಳು ನೊಗದಲ್ಲೇ ಸತ್ತವು. ಎತ್ತು ಹೊಡೆಯುವವರು ಓಡಿಹೋದ ಮೇಲೆ ಎಳೆಯಲು ಎತ್ತಿಲ್ಲದ ಫಿರಂಗಿಗಳನ್ನು ಬಿಟ್ಟು ಫ್ಲಾಯ್ಡ್ ದಕ್ಷಿಣಕ್ಕೆ ಹೊರಟ. ಮರುದಿನ ಚೇಯೂರಿನ ಬಳಿ ಟಿಪ್ಪು ಬೆನ್ನು ಹಿಡಿದ. ಅಲ್ಲಿನ ಕಾಳಗದಲ್ಲಿ ಅವನ ಭಾವಮೈದುನ ಬುರ್ಹಾನುದ್ದೀನ್ ಬಿದ್ದ. ಫ್ಲಾಯ್ಡ್ ಹೇಗೋ ಮೆಡೋಸನನ್ನು ಸೇರಿಕೊಂಡ. ಗಜಲಹಟ್ಟಿ ಏರುವ ಯೋಜನೆ ಅಲ್ಲಿಗೆ ಸತ್ತಿತು. ಆ ವರ್ಷದ ಯುದ್ಧದಲ್ಲಿ ಗೆದ್ದವನು ಘಟ್ಟ ಇಳಿದವನೇ.

ಮದ್ದಿನ ವಾಸನೆ ಮೂಗಲ್ಲಿರುವಾಗಲೇ ಮತ್ತೆ ಲಂಡನ್ನಿನ ಆ ಕೋಣೆಗೆ. 1791ರ ಮಾರ್ಚ್. ಹಡಗಿನಲ್ಲಿ ಸುದ್ದಿ ಬರಲು ತಿಂಗಳುಗಟ್ಟಲೆ ಬೇಕು. ಕಾರ್ನ್‌ವಾಲಿಸ್ ತಾನೇ ದಂಡಿನ ಮುಂದೆ ನಿಂತು ಅದೇ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಹಿಡಿಯುವುದು ಇಲ್ಲಿ ಕೂತ ಯಾರಿಗೂ ಗೊತ್ತಿಲ್ಲ. ಎದುರು ಬೆಂಚಿನಿಂದ ಹಿಪ್ಪಿಸ್ಲಿ, ಫಿಲಿಪ್ ಫ್ರಾನ್ಸಿಸ್, ಫಾಕ್ಸ್ ಕೇಳುತ್ತಾರೆ: ರಾಜ್ಯ ಬೆಳೆಸುವುದು ಮಾನಕ್ಕೆ ಒಗ್ಗದ್ದೆಂದು ಬರೆದವರು ನೀವೇ ಅಲ್ಲವೆ? ಸರ್ಕಾರದ ಪರ ಗೊತ್ತುವಳಿ ಮಂಡಿಸಲು ಏಳುವವನನ್ನು ನೋಡಿ. ಹೆನ್ರಿ ಡಂಡಾಸ್. 1782ರಲ್ಲಿ ಗೆಲುವಿನ ಹಂಬಲವನ್ನು ಖಂಡಿಸಿದ ಅದೇ ದನಿ. ತಿರುವಾಂಕೂರಿನ ಗೋಡೆಯ ಮೇಲಿನ ದಾಳಿ ಕಾರಣವಿಲ್ಲದ್ದು, ಕಾರ್ನ್‌ವಾಲಿಸನ ಕರಾರುಗಳು ಸರಿ, ಯುದ್ಧ ಸರಿ. ಸಭೆ ಒಪ್ಪಿತು. ಅವನು ಕಪಟಿ ಎಂದು ಹೇಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಎರಡು ಸಲವೂ ಅವನು ನೋಡಿದ್ದು ಲೆಕ್ಕದ ಪುಸ್ತಕವನ್ನೇ. 1782ರಲ್ಲಿ ಯುದ್ಧ ನಷ್ಟ ತೋರಿಸುತ್ತಿತ್ತು.

ಈ ಸಲದ ಯುದ್ಧ ಹಾಗಿರಲಿಲ್ಲ. 1792ರ ಫೆಬ್ರುವರಿ ಕೊನೆಗೆ ಶ್ರೀರಂಗಪಟ್ಟಣದ ಹೊರಗಿನ ಶಿಬಿರದಲ್ಲಿ ನಿಂತರೆ ಆನೆಗಳ ಮೇಲೆ ಇಬ್ಬರು ಹುಡುಗರು ಬರುವುದು ಕಾಣುತ್ತದೆ, ಸೋತ ಟಿಪ್ಪುವಿನ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಚಿತ್ರಕಾರರು ಮತ್ತೆ ಮತ್ತೆ ಬರೆದ ದೃಶ್ಯ ಇದು; ಕಾರ್ನ್‌ವಾಲಿಸ್ ಅವರ ಕೈ ಹಿಡಿಯುತ್ತಾನೆ, ಗಡಿಯಾರ ಕೊಡುತ್ತಾನೆ. ಚಿತ್ರದಲ್ಲಿ ಕಾಣದ್ದು ಹುಡುಗರ ಬೆಲೆ. ಅರ್ಧ ರಾಜ್ಯ, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ. ಅದು ತೀರುವ ತನಕ ಮಕ್ಕಳು ಒತ್ತೆ. ಸಂಸತ್ತು ಬೀಗ ಹಾಕಿದ್ದು ತನ್ನ ಕೈಗೆ ಸಿಗುವ ಚೀಲಕ್ಕೆ. ದುಡ್ಡು ಸೋತವನ ಚೀಲದಿಂದ ಬಂತು. ಮಲಬಾರು, ಕೊಡಗು, ಬಾರಾಮಹಲ್, ದಿಂಡಿಗಲ್ಲು ಕಂಪನಿಗೆ ಹೋದವು. ಕೊಯಮತ್ತೂರು ಸೀಮೆ ಮಾತ್ರ ಟಿಪ್ಪುವಿಗೇ ಉಳಿಯಿತು. ಗಜಲಹಟ್ಟಿಯ ಬುಡವೂ ನೆತ್ತಿಯೂ ಇನ್ನೇಳು ವರ್ಷ ಪಟ್ಟಣದವೇ.

1793ರಲ್ಲಿ ಕಂಪನಿಯ ಸನ್ನದು ಹೊಸದಾಗುವಾಗ ಸಂಸತ್ತು ಆ ಹಳೆಯ ವಾಕ್ಯವನ್ನು ಮತ್ತೆ ಬರೆಯಿತು: ಗೆಲುವಿನ ಹಂಚಿಕೆ ನಮ್ಮ ಮಾನಕ್ಕೆ ಒಗ್ಗದ್ದು. ಶಾಯಿ ಒಣಗಿ ಆರು ವರ್ಷವಾಗುವ ಹೊತ್ತಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ದಂಡು ಪಟ್ಟಣಕ್ಕೆ ಬಂತು. ಈ ಸಲದ ನೆಪ ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಹೊರಡಿಸಿದ ಡಂಗುರ. ಟಿಪ್ಪು ಯುದ್ಧದ ತಯಾರಿ ನಡೆಸಿದ್ದಾನೆಂಬುದಕ್ಕೆ ಅದು ಸಾಕಾಯಿತು. ಅದೇ ಹಿತ್ತಿಲ ಬಾಗಿಲು. 1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನ ಬಿದ್ದ. ಸಂಸತ್ತು ವಂದನೆ ಸಲ್ಲಿಸಿತು.

ಜೂನ್ 22ರ ಪಾಲುಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಂಪನಿ ತನಗೆ ಕರಾವಳಿಯ ಕನ್ನಡ ಜಿಲ್ಲೆ, ಕೊಯಮತ್ತೂರು, ಧಾರಾಪುರ, ವಯನಾಡುಗಳನ್ನು ತೆಗೆದುಕೊಂಡಿತು. ಅವುಗಳ ಜೊತೆಗೆ ಇನ್ನೊಂದನ್ನು ಕೇಳಿ ಇಟ್ಟುಕೊಂಡಿತು: ಮೇಲಿನ ಬಯಲಿನಲ್ಲಿ ಘಟ್ಟಗಳ ತಲೆಯಲ್ಲಿರುವ ಕೋಟೆ, ಠಾಣೆಗಳು. ಕೆಳಗಿನ ಸೀಮೆ ಸಿಕ್ಕರೆ ಸಾಲದು, ಮೇಲಿನಿಂದ ಯಾರೂ ಇಳಿಯಬಾರದು. ಸತ್ಯಮಂಗಲದ ಮಧ್ಯಾಹ್ನವನ್ನು ಮರೆಯದವರು ಬರೆಸಿದ ಸಾಲು ಅದು ಎಂದು ನಾನು ನಂಬುತ್ತೇನೆ. ಘಟ್ಟದ ಮೇಲಿನ ಕೊಳ್ಳೇಗಾಲವೂ ತಾಳವಾಡಿಯೂ, ಮಾತಿನಲ್ಲಿ ಹವೆಯಲ್ಲಿ ಬೆಳೆಯಲ್ಲಿ ಮೈಸೂರಿನವೇ ಆಗಿದ್ದೂ, ಕೊಯಮತ್ತೂರಿನ ಕಲೆಕ್ಟರನ ಕೆಳಗೆ ಹೋದದ್ದು ಈ ಎಣಿಕೆಯಲ್ಲೇ ಇರಬೇಕು.

ಉಳಿದ ಮೈಸೂರಿಗೆ ಐದು ವರ್ಷದ ಕೃಷ್ಣರಾಜ ಒಡೆಯರು ರಾಜ. ದಿವಾನ ಯಾರು? ಘಟ್ಟದ ನೆತ್ತಿಯಲ್ಲಿ ಸಾಮಾನು ಕಾಯುತ್ತಿದ್ದ ಅದೇ ಪೂರ್ಣಯ್ಯ. ಈಗ ಅವನ ಕಡತದಲ್ಲಿ ಹೊಸ ಬಾಬ್ತು ಇದೆ. ಜುಲೈ 8ರ ಕರಾರಿನ ಪ್ರಕಾರ ಮೈಸೂರನ್ನು ಕಾಯುವ ಕಂಪನಿಯ ದಂಡಿಗಾಗಿ ಮೈಸೂರೇ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಬೆಂಚುಗಳ ಮೇಲೆ ಕೂತವರು 8,045 ಎಂದು ಎಣಿಸಿದ್ದೆಲ್ಲಿ, ಇದೆಲ್ಲಿ! ಹಿಡಿತಕ್ಕೆ ಸಿಕ್ಕ ನೆಲವೇ ಹಿಡಿತದ ಖರ್ಚು ಹೊರುವಾಗ ಯಾವ ಸಭೆಯ ಒಪ್ಪಿಗೆ ಬೇಕು? ಪೂರ್ಣಯ್ಯ ಕಂತು ತಪ್ಪಿಸಲಿಲ್ಲ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯವನ್ನು ಕೈಗೆ ತೆಗೆದುಕೊಳ್ಳುವಾಗ ಮುಂದಿಟ್ಟ ಕಾರಣಗಳಲ್ಲಿ ಈ ಕಪ್ಪದ ಭದ್ರತೆಯೂ ಒಂದು. 1881ರಲ್ಲಿ ರಾಜ್ಯ ಮರಳಿಸುವಾಗ ಅದನ್ನು 35 ಲಕ್ಷ ರೂಪಾಯಿಗೆ ಏರಿಸಿದರು. ಬರಗಾಲ ಕಂಡ ನಾಡೆಂದು ಏರಿಕೆಯನ್ನಷ್ಟೇ ಕೆಲ ವರ್ಷ ಮುಂದಕ್ಕೆ ಹಾಕಿದರು.

ಸಂಸತ್ತು ಕೈ ಚೆಲ್ಲಿತೆನ್ನಲಾರೆ. 1858ರಲ್ಲಿ ಕಂಪನಿಯಿಂದ ಆಳ್ವಿಕೆ ಕಿತ್ತುಕೊಂಡ ಕಾಯ್ದೆಯ 55ನೇ ವಿಧಿ, ಹಿಂದೂಸ್ತಾನದ ಹೊರಗಡಿಯಾಚೆಗಿನ ಯುದ್ಧಕ್ಕೆ ಹಿಂದೂಸ್ತಾನದ ಆದಾಯ ಬಳಸಲು ಎರಡೂ ಸಭೆಗಳ ಒಪ್ಪಿಗೆ ಬೇಕೆಂದಿತು. ಆಕ್ರಮಣ ತಡೆಯುವುದು, ತುರ್ತಿನ ಅಗತ್ಯ ಇವಕ್ಕೆ ಮಾತ್ರ ವಿನಾಯಿತಿ. ಹಿತ್ತಿಲ ಬಾಗಿಲು ಇಲ್ಲೂ ಇತ್ತು. 1878ರ ಡಿಸೆಂಬರಿನಲ್ಲಿ ಆಫ್ಘನ್ ಯುದ್ಧದ ಬಿಲ್ಲು ಬಂದಾಗ ಸಭೆಗಳು ಒಪ್ಪಿದವು. ಆ ಹೊತ್ತಿಗೆ ತಾಳಮಲೆ ಒಳಗಡಿಗೆ ಬಂದು ಎಷ್ಟೋ ಕಾಲವಾಗಿತ್ತು.

ಈಗ ಚಾಮರಾಜನಗರದಿಂದ ಬಸ್ಸು ಹತ್ತಿ. ಪುಣಜನೂರಿನ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ಕಾಡು ಅದೇ, ಬೋರ್ಡಿನ ಲಿಪಿ ಬೇರೆ. ಹಾಸನೂರಿನಲ್ಲಿ ಚಹಾ ಕೊಡುವವನು ಕನ್ನಡದಲ್ಲೇ ಚಿಲ್ಲರೆ ಕೇಳುತ್ತಾನೆ. ದಿಂಬದಿಂದ ಪಕ್ಕಕ್ಕೆ ಹೊರಳುವ ರಸ್ತೆ ತಾಳಮಲೆಗೆ ಹೋಗುತ್ತದೆ. ಸೋಲಿಗರ, ಊರಾಳಿಗಳ ಹಾಡಿಗಳು, ಅರಣ್ಯ ಇಲಾಖೆಯ ಗೇಟು. 2013ರಿಂದ ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಗಜಲಹಟ್ಟಿಯ ಜಾಡನ್ನು ಈಗ ಆನೆಗಳು ನೋಡಿಕೊಳ್ಳುತ್ತವೆ, ಮನುಷ್ಯರಿಗೆ ದಿಂಬದ 27 ತಿರುವು. ರಾತ್ರಿ ಆ ಘಟ್ಟದಲ್ಲೂ ವಾಹನಗಳಿಗೆ ನಿರ್ಬಂಧವಿದೆ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಮರಳಿತು, ತಾಳವಾಡಿ ಬರಲಿಲ್ಲ. 1979ರಲ್ಲಿ ಕೊಯಮತ್ತೂರನ್ನು ಒಡೆದು ಇಂದಿನ ಈರೋಡು ಜಿಲ್ಲೆ ಮಾಡಿದಾಗ ಅದರ ಪಾಲಿಗೆ ಬಂತು. ತಾಳವಾಡಿಯ ರೈತ ಟೊಮೆಟೊ, ಈರುಳ್ಳಿ ಮಾರಲು, ಮಗಳಿಗೆ ಗಂಡು ನೋಡಲು ಚಾಮರಾಜನಗರದ ಕಡೆ ಹೊರಡುತ್ತಾನೆ. ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಮಾತ್ರ 27 ತಿರುವು ಇಳಿದು, ಬಣ್ಣಾರಿ ದಾಟಿ, ಸತ್ಯಮಂಗಲದ ಸೇತುವೆಯ ಮೇಲೆ ಭವಾನಿ ಹಾಯ್ದು, ನೂರು ಕಿಲೋಮೀಟರಿಗೂ ಆಚೆ ಇರುವ ಈರೋಡಿಗೆ ಹೋಗಿ, ಅರ್ಜಿಯನ್ನು ತಮಿಳಿನಲ್ಲಿ ಬರೆಸಬೇಕು.